ತಿಳಿನೀರೂ ಕಾಣದ ಕಣವೂ



ನಾವು ಬಾವಿ ಎನ್ನುತ್ತೇವೆ, ಮಲಯಾಳದಲ್ಲಿ ಕಿಣರ್ ಎನ್ನುತ್ತಾರೆ, ತುಳುವಿನಲ್ಲಿ ಗುವೆಲ್. ಹೆಸರು ಮೂರಾದರೂ ನಂಬಿಕೆ ಮಾತ್ರ ಒಂದೇ. "ಮಣ್ಣಿನಲ್ಲಿ ಸೋಸಿ ಬಂದ ನೀರಿಗೆ ದೋಷವಿಲ್ಲ" ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಕಾಸರಗೋಡು ಸೀಮೆಯಲ್ಲಿ ಈಗಲೂ ಮನೆಗೊಂದು ಬಾವಿ, ಗುಡ್ಡದ ಬುಡದಲ್ಲಿದ್ದರೆ ಒಂದು ಸುರಂಗ. ಆ ನೀರನ್ನು ಸೇದಿ ಲೋಟಕ್ಕೆ ಹಾಕಿ ಬೆಳಕಿಗೆ ಹಿಡಿದರೆ ಕನ್ನಡಿಯ ಹಾಗೆ ಕಾಣುತ್ತದೆ. ಹಾಗೆ ಕಂಡ ಮೇಲೆ ಮತ್ತೆ ಸಂಶಯ ಯಾಕೆ?

ಹಿರಿಯರ ಈ ಮಾತು ಎಷ್ಟು ನಿಜ, ಎಲ್ಲಿಯವರೆಗೆ ನಿಜ ಎಂಬುದೇ ಇಂದಿನ ನನ್ನ ಮಾತಿನ ವಿಷಯ. ನೀರು ತುಂಬಿದ ಮರಳಿನಲ್ಲಿ, ಮಣ್ಣಿನಲ್ಲಿ ಕಣ್ಣಿಗೆ ಕಾಣದ ಕಣಗಳು ಹೇಗೆ ಪ್ರಯಾಣ ಮಾಡುತ್ತವೆ, ಎಲ್ಲಿ ಸಿಕ್ಕಿಬೀಳುತ್ತವೆ, ಎಲ್ಲಿ ತಪ್ಪಿಸಿಕೊಳ್ಳುತ್ತವೆ ಎಂಬುದನ್ನು ಸ್ವಲ್ಪ ವಿಚಾರ ಮಾಡೋಣ. ನಾನು ವಿಜ್ಞಾನ ಕಲಿತವನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಬ್ಯಾಂಕಿಗೆ ಸೇರಿ ಗುಮಾಸ್ತನಾಗಿಯೇ ನಿವೃತ್ತನಾದವನು. ಹಾಗಾಗಿ ಓದಿ ತಿಳಿದದ್ದನ್ನು ನಮ್ಮ ಲೆಕ್ಕದ ಭಾಷೆಯಲ್ಲೇ ಹೇಳುತ್ತೇನೆ.

ಮೊದಲು ಅಳತೆಯ ಲೆಕ್ಕ. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಅದರ ಒಂದು ಪಾಲಿಗೆ ನ್ಯಾನೋಮೀಟರ್ ಎಂದು ಹೆಸರು. ಒಂದು ಮಿಲಿಮೀಟರಿನಲ್ಲಿ 10 ಲಕ್ಷ ನ್ಯಾನೋಮೀಟರ್ ಇರುತ್ತವೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್. ಒಂದರಿಂದ ನೂರು ನ್ಯಾನೋಮೀಟರಿನ ಒಳಗಿನ ಕಣಗಳನ್ನು ನ್ಯಾನೋಕಣಗಳೆಂದು ಕರೆಯುತ್ತಾರೆ. ಇದು ಯಾವುದೋ ಹೊಸ ಕಾರ್ಖಾನೆಯ ವಸ್ತು ಎಂದು ಭಾವಿಸಬೇಡಿ. ನೀರಿನಿಂದ ಬರುವ ಕಾಮಾಲೆ, ಮಲಯಾಳದಲ್ಲಿ ಮಞ್ಞಪ್ಪಿತ್ತ ಎನ್ನುತ್ತಾರಲ್ಲ, ಆ ರೋಗದ ವೈರಸ್ಸಿನ ಅಳತೆ ಸುಮಾರು 30 ನ್ಯಾನೋಮೀಟರ್. ಅಂದರೆ ಪ್ರಕೃತಿಯೇ ತಯಾರಿಸಿದ ನ್ಯಾನೋಕಣ ಅದು. ನಮ್ಮ ಬಾವಿಗೆ ಸಂಬಂಧಪಟ್ಟ ನ್ಯಾನೋಕಣಗಳಲ್ಲಿ ಮೊದಲು ಗಮನಿಸಬೇಕಾದದ್ದು ಅದನ್ನೇ.

ಇನ್ನು ಮರಳು. ಅರ್ಧ ಮಿಲಿಮೀಟರಿನ ಹೊಳೆಮರಳಿನ ಕಾಳುಗಳನ್ನು ಒತ್ತಾಗಿ ತುಂಬಿಸಿದರೆ ಅವುಗಳ ನಡುವಿನ ಸಂದು ಕಾಳಿನ ಆರನೆಯ ಅಥವಾ ಏಳನೆಯ ಒಂದು ಪಾಲಿನಷ್ಟು ಇರುತ್ತದೆ. ಸುಮಾರು 75,000 ನ್ಯಾನೋಮೀಟರ್ ಎಂದಿಟ್ಟುಕೊಳ್ಳಿ. ಈ ಸಂದನ್ನು ಮನೆಯ ಏಳಡಿ ಎತ್ತರದ ಬಾಗಿಲೆಂದು ಭಾವಿಸಿದರೆ, ಅದರಲ್ಲಿ ನುಸುಳಬೇಕಾದ ವೈರಸ್ಸು ಒಂದು ಸಾಸಿವೆ ಕಾಳಿನಷ್ಟೂ ಇಲ್ಲ. ಏಳಡಿಯ ಬಾಗಿಲು ಸಾಸಿವೆಯನ್ನು ತಡೆಯುವುದುಂಟೇ? ಆದ್ದರಿಂದ ಮರಳು ಜರಡಿಯ ಹಾಗೆ ಸೋಸುತ್ತದೆ ಎಂಬ ನಮ್ಮ ಕಲ್ಪನೆ ಇಂಥ ಕಣಗಳಿಗೆ ಹೊಂದುವುದಿಲ್ಲ.

ಹಾಗಾದರೆ ಮರಳು ಏನನ್ನೂ ತಡೆಯುವುದಿಲ್ಲವೇ? ತಡೆಯುತ್ತದೆ. ಅದಕ್ಕೆ ಇತಿಹಾಸದಲ್ಲಿ ದೊಡ್ಡ ಸಾಕ್ಷಿಯೇ ಇದೆ. ಜರ್ಮನಿಯಲ್ಲಿ ಎಲ್ಬೆ ಎಂಬ ನದಿಯ ದಡದಲ್ಲಿ ಹ್ಯಾಂಬರ್ಗ್ ಮತ್ತು ಆಲ್ಟೋನಾ ಎಂಬ ಎರಡು ಪಟ್ಟಣಗಳು ಒಂದಕ್ಕೊಂದು ತಾಗಿಕೊಂಡೇ ಇದ್ದವು. 1892ರಲ್ಲಿ ಅಲ್ಲಿ ಕಾಲರಾ ಬಂತು. ಹ್ಯಾಂಬರ್ಗಿನವರು ನದಿಯ ನೀರನ್ನು ಸೋಸದೆ ಮನೆಮನೆಗೆ ಹರಿಸುತ್ತಿದ್ದರು. ಆಲ್ಟೋನಾದವರು ಅದೇ ನದಿಯಲ್ಲಿ ಇನ್ನೂ ಕೆಳಗಡೆ, ಹ್ಯಾಂಬರ್ಗಿನ ಕೊಳಚೆಯೆಲ್ಲ ಸೇರಿದ ಮೇಲಿನ ನೀರನ್ನೇ ಎತ್ತುತ್ತಿದ್ದರು, ಆದರೆ ಮರಳಿನ ಹಾಸಿನ ಮೂಲಕ ನಿಧಾನವಾಗಿ ಇಳಿಸಿ ಜನರಿಗೆ ಕೊಡುತ್ತಿದ್ದರು. ಹ್ಯಾಂಬರ್ಗಿನಲ್ಲಿ ಸುಮಾರು 8,600 ಜನ ಸತ್ತರು. ಆಲ್ಟೋನಾದಲ್ಲಿ ಸಾವು ಅದಕ್ಕೆ ಹೋಲಿಸಿದರೆ ಬಹಳ ಕಡಿಮೆ. ಎರಡು ಊರುಗಳ ಗಡಿ ಒಂದು ಬೀದಿಯಲ್ಲೇ ಹಾದುಹೋಗುತ್ತಿತ್ತು. ಬೀದಿಯ ಒಂದು ಬದಿಯ ಮನೆಗಳಲ್ಲಿ ಕಾಲರಾ, ಇನ್ನೊಂದು ಬದಿಯಲ್ಲಿ ಇಲ್ಲ. ನೆಲ ಒಂದೇ, ಗಾಳಿ ಒಂದೇ, ಕುಡಿಯುವ ನೀರು ಮಾತ್ರ ಬೇರೆ. ನಮ್ಮ ಕಲ್ಕತ್ತೆಯಲ್ಲಿ 1884ರಲ್ಲಿ ಕಾಲರಾದ ರೋಗಾಣುವನ್ನು ಗುರುತಿಸಿದ್ದ ರಾಬರ್ಟ್ ಕಾಕ್ ಎಂಬ ವೈದ್ಯರೇ ಈ ಗಡಿಯ ವಿಚಾರವನ್ನು ಲೋಕಕ್ಕೆ ತಿಳಿಸಿದರು. ಗಡಿಯಲ್ಲಿ ಬಾಳುವ ನಮ್ಮಂಥವರಿಗೆ ಇದು ಬೇಗ ಅರ್ಥವಾಗುತ್ತದೆ.

ಆ ಮರಳಿನ ಸಂದುಗಳೂ ಕಾಲರಾದ ರೋಗಾಣುವಿಗಿಂತ ಹತ್ತಾರು ಪಟ್ಟು ದೊಡ್ಡವೇ. ಮರಳಿನ ಮೇಲ್ಪದರದಲ್ಲಿ ಬೆಳೆಯುವ ಪಾಚಿಯಂಥ ಲೋಳೆಯೂ ಅದರಲ್ಲಿರುವ ಸೂಕ್ಷ್ಮ ಜೀವಿಗಳೂ ರೋಗಾಣುಗಳನ್ನು ಹಿಡಿದು ತಿನ್ನುತ್ತವೆ, ಅದು ಒಂದು ಕಾರಣ. ಇನ್ನೊಂದು ಕಾರಣ ಮರಳಿನ ಕಾಳಿನಲ್ಲೇ ಇದೆ. ಕಣಗಳು ಕಾಳಿಗೆ ತಾಗುತ್ತವೆ, ತಾಗಿದ ಮೇಲೆ ಅಂಟುತ್ತವೆ. ತಾಗುವುದು ಮತ್ತು ಅಂಟುವುದು, ಈ ಎರಡು ಮಾತುಗಳನ್ನು ನೆನಪಿನಲ್ಲಿಡಿ. ಮುಂದಿನದ್ದೆಲ್ಲ ಇದರ ಮೇಲೆಯೇ ನಿಂತಿದೆ.

ಮೊದಲು ತಾಗುವ ವಿಚಾರ. ಸಾಲು ಸಾಲು ಕಂಬಗಳಿರುವ ಒಂದು ದೊಡ್ಡ ಪಡಸಾಲೆ ಇದೆ ಎಂದು ಭಾವಿಸಿ. ಕಂಬಗಳಿಗೆಲ್ಲ ಅಂಟು ಸವರಿದೆ. ಒಂದು ಬಾಗಿಲಿನಿಂದ ಜನ ಒಳಗೆ ಬಂದು ಇನ್ನೊಂದು ಬಾಗಿಲಿನಿಂದ ಹೊರಗೆ ಹೋಗಬೇಕು. ದಪ್ಪ ದೇಹದವನು ನಡುವೆಯೇ ನಡೆದರೂ ಅವನ ಹೆಗಲು ಒಂದಲ್ಲ ಒಂದು ಕಂಬಕ್ಕೆ ಒರೆಸುತ್ತದೆ. ತಲೆಯ ಮೇಲೆ ಭಾರದ ಮೂಟೆ ಹೊತ್ತವನು ಅಲ್ಲಲ್ಲಿ ಕುಸಿದು ಕುಳಿತುಕೊಳ್ಳುತ್ತಾನೆ. ಇನ್ನು ಸಣ್ಣ ಮಗು. ಅದು ನೇರವಾಗಿ ನಡೆಯುವುದೇ ಇಲ್ಲ, ಅತ್ತ ಓಡಿ ಇತ್ತ ಓಡಿ ಎಲ್ಲ ಕಂಬಗಳನ್ನೂ ಮುಟ್ಟುತ್ತದೆ.

ನೀರಿನಲ್ಲಿಯೂ ಹೀಗೆಯೇ. ದೊಡ್ಡ ಕಣ ಕಾಳಿಗೆ ಉಜ್ಜಿ ನಿಲ್ಲುತ್ತದೆ, ಭಾರದ ಕಣ ತಳಕ್ಕೆ ಕೂರುತ್ತದೆ, ಅತಿ ಸಣ್ಣ ಕಣ ಮಗುವಿನ ಹಾಗೆ ಓಲಾಡುತ್ತ ಎಲ್ಲವನ್ನೂ ಮುಟ್ಟುತ್ತದೆ. ಈ ಓಲಾಟವನ್ನು 1827ರಲ್ಲಿ ರಾಬರ್ಟ್ ಬ್ರೌನ್ ಎಂಬ ಸಸ್ಯಶಾಸ್ತ್ರಜ್ಞರು ಹೂವಿನ ಪರಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ ಗಮನಿಸಿದರು. ನೀರಿನ ಅಣುಗಳು ಎಲ್ಲ ಕಡೆಯಿಂದಲೂ ಕಣವನ್ನು ತಳ್ಳುವುದರಿಂದ ಹೀಗಾಗುತ್ತದೆಂದು 1905ರಲ್ಲಿ ಐನ್‌ಸ್ಟೈನ್ ಲೆಕ್ಕ ಕಟ್ಟಿ ತೋರಿಸಿದರು. ಕಣ ಸಣ್ಣದಾದಷ್ಟೂ ಓಲಾಟ ಹೆಚ್ಚು.

ಹಾಗಾದರೆ ಯಾವ ಕಣಕ್ಕೆ ತಾಗದೆ ಹೋಗುವ ಅವಕಾಶ ಹೆಚ್ಚು? ದಪ್ಪವೂ ಅಲ್ಲದ, ಭಾರವೂ ಇಲ್ಲದ, ಓಡಾಟವೂ ಇಲ್ಲದ ನಡುವಿನ ಅಳತೆಯ ಕಣಕ್ಕೆ. 1971ರಲ್ಲಿ ಅಮೆರಿಕದಲ್ಲಿ ಯಾವೋ, ಹಬೀಬಿಯನ್, ಓಮೆಲಿಯಾ ಎಂಬ ಮೂವರು ಈ ಲೆಕ್ಕವನ್ನು ಮಾಡಿದರು. ಸುಮಾರು 1,000 ನ್ಯಾನೋಮೀಟರಿನ ಅಳತೆಯ ಕಣ ಮರಳಿಗೆ ತಾಗುವುದು ಎಲ್ಲಕ್ಕಿಂತ ಕಡಿಮೆ ಎಂದು ಕಂಡರು. ಸಣ್ಣದಾದಷ್ಟೂ ಸುಲಭವಾಗಿ ನುಸುಳುತ್ತದೆ ಎಂದು ನಾವು ಊಹಿಸುತ್ತೇವೆ, ಆದರೆ ತಾಗುವ ಲೆಕ್ಕದಲ್ಲಿ ನ್ಯಾನೋಕಣವೇ ಹೆಚ್ಚು ಸಲ ಕಾಳನ್ನು ಮುಟ್ಟುತ್ತದೆ.

ಇಷ್ಟು ಕೇಳಿ ನೀವು, "ಹಾಗಾದರೆ ವೈರಸ್ಸು ಸಿಕ್ಕಿಬಿದ್ದಂತೆಯೇ ಆಯಿತಲ್ಲ" ಎನ್ನಬಹುದು. ಇಲ್ಲಿಯೇ ಎರಡನೆಯ ಮಾತು ಬರುತ್ತದೆ. ತಾಗಿದ್ದೆಲ್ಲ ಅಂಟುವುದಿಲ್ಲ.

ನೀರಿನಲ್ಲಿ ಮುಳುಗಿದ ಮರಳಿನ ಕಾಳಿನ ಮೈಮೇಲೆ ಋಣ ವಿದ್ಯುತ್ತಿನ ಅಂಶ ಇರುತ್ತದೆ. ಜೇಡಿಯ ಕಣಗಳಿಗೂ ಅನೇಕ ರೋಗಾಣುಗಳಿಗೂ ವೈರಸ್ಸುಗಳಿಗೂ ಸಾಮಾನ್ಯ ಬಾವಿನೀರಿನಲ್ಲಿ ಅದೇ ಋಣ ಅಂಶ. ಸಮಾನವಾದವು ಒಂದನ್ನೊಂದು ದೂರ ತಳ್ಳುತ್ತವೆ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಆದರೆ ಬಹಳ ಹತ್ತಿರಕ್ಕೆ ಬಂದುಬಿಟ್ಟರೆ ಎಲ್ಲ ವಸ್ತುಗಳಿಗೂ ಪರಸ್ಪರ ಒಂದು ಸೆಳೆತ ಇದೆ. ದೂರದಲ್ಲಿ ತಳ್ಳಾಟ, ಹತ್ತಿರದಲ್ಲಿ ಸೆಳೆತ. ಇವೆರಡರ ಜಮಾ ಖರ್ಚು ನೋಡಿ ಕಣ ಅಂಟುತ್ತದೋ ಇಲ್ಲವೋ ಎಂದು ಹೇಳಬಹುದು. ಈ ಲೆಕ್ಕವನ್ನು 1941ರಲ್ಲಿ ರಷ್ಯಾದ ಡೆರ್ಯಾಗಿನ್ ಮತ್ತು ಲಾಂಡೌ, 1948ರಲ್ಲಿ ಹಾಲೆಂಡಿನ ವೆರ್ವೆ ಮತ್ತು ಓವರ್‌ಬೀಕ್ ಬರೆದಿಟ್ಟರು.

ನೀರಿನಲ್ಲಿ ಉಪ್ಪಿನ ಅಂಶ ಹೆಚ್ಚಿದರೆ ಈ ತಳ್ಳಾಟ ಕುಗ್ಗುತ್ತದೆ. ನಮ್ಮ ಪಯಸ್ವಿನಿ ಹೊಳೆಯ ನೀರು ಮಳೆಗಾಲದಲ್ಲಿ ಕೆಂಪಗೆ ಹರಿದು, ಚಂದ್ರಗಿರಿ ಎನ್ನಿಸಿಕೊಂಡು ಸಮುದ್ರ ಸೇರುತ್ತದೆ. ಹೊಳೆಯ ನೀರಿನಲ್ಲಿ ಬೇರೆ ಬೇರೆಯಾಗಿ ತೇಲುತ್ತಿದ್ದ ಜೇಡಿಯ ಕಣಗಳು ಉಪ್ಪುನೀರಿಗೆ ಸೇರಿದಾಗ ಒಂದಕ್ಕೊಂದು ಅಂಟಿ ದಪ್ಪವಾಗಿ ತಳಕ್ಕೆ ಕೂರುತ್ತವೆ. ಕದಡಿದ ನೀರಿಗೆ ಪಟಿಕ ಉಜ್ಜಿದಾಗ ಆಗುವುದೂ ಇದೇ ಬಗೆಯ ಕೆಲಸ. ಪಟಿಕ ಆ ತಳ್ಳಾಟವನ್ನು ಇಲ್ಲವಾಗಿಸಿ ಕಣಗಳನ್ನು ಒಟ್ಟುಗೂಡಿಸುತ್ತದೆ.

ಈಗ ನಮ್ಮ ಮಣ್ಣಿಗೆ ಬರೋಣ. ನಮ್ಮದು ಮುರಕಲ್ಲಿನ ನಾಡು. ಮಲಯಾಳದವರು ಚೆಂಗಲ್ಲು ಎನ್ನುವ ಇದೇ ಕಲ್ಲನ್ನು ಫ್ರಾನ್ಸಿಸ್ ಬುಕನನ್ ಎಂಬವರು 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚಾರ ಮಾಡುವಾಗ ಈಗಿನ ಮಲಪ್ಪುರಂ ಜಿಲ್ಲೆಯ ಅಂಗಾಡಿಪುರದಲ್ಲಿ ಕಂಡು, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಲ್ಯಾಟರೈಟ್ ಎಂದು ಹೆಸರಿಟ್ಟು 1807ರ ತಮ್ಮ ಪುಸ್ತಕದಲ್ಲಿ ಬರೆದರು. ಇಂದು ಲೋಕದ ಎಲ್ಲ ಕಡೆಯೂ ಆ ಕಲ್ಲಿಗೆ ಅದೇ ಹೆಸರು. ಇದರ ಕೆಂಪು ಬಣ್ಣ ಕಬ್ಬಿಣದ ತುಕ್ಕಿನದು. ಸಾಮಾನ್ಯ ನೀರಿನಲ್ಲಿ ಈ ತುಕ್ಕಿನ ಮೈಮೇಲೆ ಧನ ವಿದ್ಯುತ್ತಿನ ಅಂಶ ಇರುತ್ತದೆ. ಋಣ ಅಂಶದ ವೈರಸ್ಸು ಬಂದು ತಾಗಿದರೆ ಅದು ತಳ್ಳುವುದಿಲ್ಲ, ಸೆಳೆದು ಹಿಡಿಯುತ್ತದೆ. ಬರೀ ಮರಳಿಗಿಂತ ಕಬ್ಬಿಣದ ತುಕ್ಕು ಲೇಪಿಸಿದ ಮರಳು ವೈರಸ್ಸುಗಳನ್ನು ಎಷ್ಟೋ ಹೆಚ್ಚು ಹಿಡಿಯುತ್ತದೆ ಎಂಬುದು ಪ್ರಯೋಗಗಳಲ್ಲಿ ಕಂಡ ಸಂಗತಿ. ಹಿರಿಯರ ನಂಬಿಕೆಗೆ ಇದು ಒಳ್ಳೆಯ ಆಧಾರ. ನಮ್ಮ ಕೆಂಪು ಮಣ್ಣು ನಿಜಕ್ಕೂ ಒಳ್ಳೆಯ ಕಾವಲುಗಾರ.

ಆದರೆ ಮುರಕಲ್ಲಿಗೆ ಇನ್ನೊಂದು ಗುಣವೂ ಉಂಟು. ಕಲ್ಲಿನ ಕೋರೆಗೆ ಹೋಗಿ ಹೊಸದಾಗಿ ಕಡಿದ ಗೋಡೆಯನ್ನು ನೋಡಿ. ಬೆರಳು ತೂರುವಷ್ಟು ತೂತುಗಳು, ಒಂದರೊಳಗೊಂದು ಸೇರಿದ ಕೊಳವೆಗಳು. ಅದರ ಜೊತೆಗೆ ಗೆದ್ದಲಿನ ದಾರಿ, ಸತ್ತ ಬೇರಿನ ಪೊಟರೆ. ಇಂಥ ಕೊಳವೆಯಲ್ಲಿ ನೀರು ಹರಿದರೆ ನಡುವೆ ಇರುವ ಕಣಕ್ಕೆ ಗೋಡೆಯನ್ನು ಮುಟ್ಟುವ ಪ್ರಸಂಗವೇ ಬರುವುದಿಲ್ಲ. ಗೋಡೆಗೆ ಎಷ್ಟೇ ಅಂಟು ಇದ್ದರೂ ತಾಗದೆ ಅಂಟುವುದು ಹೇಗೆ? ಒಂದೇ ಕಲ್ಲಿಗೆ ಹಿಡಿಯುವ ಗುಣವೂ ಇದೆ, ಬಿಟ್ಟುಬಿಡುವ ಗುಣವೂ ಇದೆ. ನಮ್ಮ ಜಾಗದಲ್ಲಿ ಯಾವುದು ಹೆಚ್ಚು ಎಂಬುದು ಮೇಲಿನಿಂದ ನೋಡಿದರೆ ತಿಳಿಯುವುದಿಲ್ಲ.

ಇನ್ನು ಮಳೆಗಾಲದ ವಿಚಾರ. ಬ್ಯಾಂಕಿನಲ್ಲಿ ಎರಡು ಬಗೆಯ ಠೇವಣಿ ಇರುವುದು ನಿಮಗೆಲ್ಲ ಗೊತ್ತು. ಮುದ್ದತಿ ಠೇವಣಿಯ ಹಣ ಅಷ್ಟು ಸುಲಭವಾಗಿ ಹೊರಗೆ ಬರುವುದಿಲ್ಲ. ಉಳಿತಾಯ ಖಾತೆಯ ಹಣ ಬೇಕಾದಾಗ ಹೊರಗೆ ಬರುತ್ತದೆ. ಮಣ್ಣಿನಲ್ಲಿ ಅಂಟಿದ ಕಣಗಳೂ ಹೀಗೆಯೇ ಎರಡು ಬಗೆ. ಕೆಲವು ಗಟ್ಟಿಯಾಗಿ ಕೂತಿರುತ್ತವೆ, ಕೆಲವು ಸಡಿಲವಾಗಿ ನಿಂತಿರುತ್ತವೆ. ಮಳೆಯ ನೀರಿನಲ್ಲಿ ಉಪ್ಪಿನ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಉಪ್ಪು ಕಡಿಮೆಯಾದರೆ ತಳ್ಳಾಟ ಹೆಚ್ಚಾಗುತ್ತದೆ ಎಂದೆನಲ್ಲ. ಜೋರಾದ ಮಳೆಯ ನೀರು ಮಣ್ಣಿಗೆ ಇಳಿದಾಗ ಸಡಿಲವಾಗಿ ನಿಂತಿದ್ದ ಕಣಗಳು ಬಿಟ್ಟುಕೊಂಡು ಮತ್ತೆ ಹೊರಡುತ್ತವೆ. ಬೇಸಿಗೆಯಲ್ಲಿ ಜಮೆಯಾದದ್ದು ಮಳೆಗಾಲದಲ್ಲಿ ಒಟ್ಟಿಗೆ ನಗದಾಗುತ್ತದೆ.

ಎರಡನೆಯದು, ನೀರಿನ ಮಟ್ಟ. ಬೇಸಿಗೆಯಲ್ಲಿ ಶೌಚದ ಗುಂಡಿಯ ತಳಕ್ಕೂ ಅಂತರ್ಜಲಕ್ಕೂ ನಡುವೆ ಬರೀ ತೇವದ ಮಣ್ಣು ಇರುತ್ತದೆ. ಅಲ್ಲಿ ನೀರು ಕಾಳುಗಳ ಮೈಗೆ ತೆಳ್ಳಗೆ ಅಂಟಿಕೊಂಡು ನಿಧಾನವಾಗಿ ಇಳಿಯುತ್ತದೆ. ಅದರೊಂದಿಗೆ ಇಳಿಯುವ ಕಣ ಕಾಳಿಗೆ ಉಜ್ಜದೆ ಹೋಗುವಂತಿಲ್ಲ. ಮಳೆಗಾಲದಲ್ಲಿ ನೀರಿನ ಮಟ್ಟ ಮೇಲೆ ಬಂದು ಸಂದುಗಳೆಲ್ಲ ನೀರಿನಿಂದ ತುಂಬಿಬಿಡುತ್ತವೆ. ಆಗ ನೀರು ದೊಡ್ಡ ಸಂದುಗಳನ್ನೇ ಹಿಡಿದು ವೇಗವಾಗಿ ಹರಿಯುತ್ತದೆ. ನಮ್ಮ ಜಿಲ್ಲೆಗೆ ವರ್ಷದಲ್ಲಿ 3,000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಗುಂಡಿಯ ತಳವೇ ನೀರಿನಲ್ಲಿ ಮುಳುಗಿದರೆ ಕಾವಲುಗಾರನನ್ನು ಬಾಗಿಲಿನಿಂದ ಎಬ್ಬಿಸಿ ಕಳುಹಿಸಿದ ಹಾಗೆ.

ಮೂರನೆಯದು, ವೇಗ. ಫ್ರಾನ್ಸಿನ ಡಿಜಾನ್ ಪಟ್ಟಣಕ್ಕೆ ನೀರು ಒದಗಿಸಿದ ಹೆನ್ರಿ ಡಾರ್ಸಿ ಎಂಬ ಇಂಜಿನಿಯರು 1856ರಲ್ಲಿ ಮರಳಿನ ಮೂಲಕ ನೀರು ಹರಿಯುವ ನಿಯಮವನ್ನು ಪ್ರಕಟಿಸಿದರು. ನೀರಿನ ಮಟ್ಟದ ಇಳಿಜಾರು ಹೆಚ್ಚಾದಷ್ಟೂ ಹರಿವು ಹೆಚ್ಚು ಎಂಬುದು ಅದರ ಸಾರ. ಬಾವಿಗೆ ಪಂಪು ಇಟ್ಟು ಗಂಟೆಗಟ್ಟಲೆ ನೀರು ಎಳೆದರೆ ಬಾವಿಯ ಮಟ್ಟ ಕುಸಿದು ಸುತ್ತಲಿನ ಮಣ್ಣಿನಿಂದ ಬಾವಿಯ ಕಡೆಗೆ ಇಳಿಜಾರು ಹೆಚ್ಚುತ್ತದೆ. ಕೊಡಪಾನದಲ್ಲಿ ಸೇದುತ್ತಿದ್ದ ಕಾಲಕ್ಕೆ ಸಾಕಾಗಿದ್ದ ದೂರ ಪಂಪಿನ ಕಾಲಕ್ಕೆ ಸಾಲದೆ ಹೋಗುವುದು ಈ ಕಾರಣದಿಂದ.

ಕಣ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಬಹಳ ದೂರದ ಒಂದು ಸಂಗತಿ ಹೇಳುತ್ತೇನೆ. ಅಮೆರಿಕದ ನೆವಾಡಾದಲ್ಲಿ 1968ರಲ್ಲಿ ನೆಲದೊಳಗೆ ಒಂದು ಅಣುಬಾಂಬಿನ ಪರೀಕ್ಷೆ ನಡೆಯಿತು. ಪ್ಲುಟೋನಿಯಂ ಎಂಬ ವಿಷದ ಲೋಹ ಕಲ್ಲಿಗೆ ಗಟ್ಟಿಯಾಗಿ ಅಂಟುವುದರಿಂದ ಇದ್ದಲ್ಲೇ ಇರುತ್ತದೆಂದು ತಜ್ಞರು ಭಾವಿಸಿದ್ದರು. ಆದರೆ ಆ ಸ್ಫೋಟದ ಪ್ಲುಟೋನಿಯಂ 1.3 ಕಿಲೋಮೀಟರ್ ದೂರದ ಕೊಳವೆಬಾವಿಯಲ್ಲಿ ಸಿಕ್ಕಿತೆಂದು 1999ರಲ್ಲಿ ವರದಿಯಾಯಿತು. ಅದು ನೀರಿನಲ್ಲಿ ಕರಗಿ ಬಂದದ್ದಲ್ಲ, ಜೇಡಿಯಂಥ ಅತಿ ಸಣ್ಣ ಕಣಗಳ ಬೆನ್ನೇರಿ ಬಂದಿತ್ತು. ಮಣ್ಣಿಗೆ ಅಂಟಿದ ವಿಷ ಮಣ್ಣಿನಲ್ಲೇ ಉಳಿಯುತ್ತದೆ ಎಂಬ ನೆಮ್ಮದಿ ಮಣ್ಣಿನ ಕಣವೇ ಹೊರಟಾಗ ಉಳಿಯುವುದಿಲ್ಲ. ನಮ್ಮ ಗೇರು ತೋಟಗಳ ಮೇಲೆ 2000ದವರೆಗೆ ಆಕಾಶದಿಂದ ಸುರಿದ ಎಂಡೋಸಲ್ಫಾನ್ ಕೂಡ ನೀರಿನಲ್ಲಿ ಕರಗುವುದಕ್ಕಿಂತ ಮಣ್ಣಿಗೆ ಅಂಟುವುದೇ ಹೆಚ್ಚು. ಅದರ ನೋವನ್ನು ಈ ಜಿಲ್ಲೆಯವರಿಗೆ ನಾನು ವಿವರಿಸಬೇಕಾಗಿಲ್ಲ. ಮಳೆಗೆ ಕೆಂಪು ನೀರು ಹರಿಯುವಾಗ ಮಣ್ಣಿನ ಜೊತೆಗೆ ಅಂಟಿದ್ದೂ ಹರಿಯುತ್ತದೆ ಎಂಬುದನ್ನು ಮಾತ್ರ ಹೇಳುತ್ತೇನೆ.

ಈಗ ಮನುಷ್ಯರೇ ತಯಾರಿಸುವ ನ್ಯಾನೋಕಣಗಳೂ ಬಂದಿವೆ. ನೀರಿನ ಫಿಲ್ಟರಿನಲ್ಲಿ, ಬಟ್ಟೆಯಲ್ಲಿ ಬೆಳ್ಳಿಯ ಕಣ, ಬಿಸಿಲಿಗೆ ಹಚ್ಚುವ ಕ್ರೀಮಿನಲ್ಲಿ ಸತುವಿನ ಭಸ್ಮದ ಕಣ. 2021ರಿಂದ ಎಲೆಗೆ ಸಿಂಪಡಿಸುವ ನ್ಯಾನೋ ಯೂರಿಯಾ ಬಾಟಲಿಯೂ ಸೊಸೈಟಿಗಳಿಗೆ ಬಂದಿದೆ. ಹೊರದೇಶಗಳಲ್ಲಿ ಕಾರ್ಖಾನೆಯ ವಿಷದಿಂದ ಕೆಟ್ಟ ಅಂತರ್ಜಲವನ್ನು ಸರಿಮಾಡಲು ಕಬ್ಬಿಣದ ನ್ಯಾನೋಕಣಗಳನ್ನು ನೆಲಕ್ಕೆ ಇಳಿಸಿ ನೋಡಿದ್ದಾರೆ. ಬರಿಮೈಯ ಕಬ್ಬಿಣದ ಕಣಗಳು ಒಂದಕ್ಕೊಂದು ಅಂಟಿ, ಮರಳಿಗೂ ಅಂಟಿ, ಹೆಚ್ಚು ದೂರ ಹೋಗಲಾರದೆ ನಿಂತುಬಿಟ್ಟವು. ಅವಕ್ಕೆ ಒಂದು ಬಗೆಯ ಲೇಪ ಕೊಟ್ಟ ಮೇಲೆ ಇನ್ನಷ್ಟು ದೂರ ಸಾಗಿದವು. ಕೊಳೆತ ಎಲೆ, ಗೊಬ್ಬರ, ಕೊಳಚೆಗಳಿಂದ ಬರುವ ಅಂಶಗಳೂ ಕಣಗಳಿಗೆ ಇಂಥ ಲೇಪವಾಗಬಲ್ಲವು. ಕಣದ ಗಾತ್ರ ಒಂದನ್ನೇ ನೋಡಿ ಅದರ ಪ್ರಯಾಣ ಹೇಳಲಾಗದು, ಅದು ತೊಟ್ಟ ಅಂಗಿಯನ್ನೂ ನೋಡಬೇಕು.

ಇದೆಲ್ಲ ನಮ್ಮ ಅಂಗಳದಲ್ಲಿ ಎಲ್ಲಿ ತಾಗುತ್ತದೆ? ನಮ್ಮ ವಠಾರದ ಎರಡು ಮನೆಗಳ ಮಾತು ಹೇಳುತ್ತೇನೆ. ಕೆಳಗಿನ ಮನೆಯ ಅಕ್ಕನವರಿಗೆ ಹಳೆಯ ಬಾವಿ ಇದೆ. ಮೇಲಿನ 10 ಸೆಂಟ್ಸ್ ಜಾಗ ಕೊಂಡ ಹುಡುಗ ಹೊಸ ಮನೆ ಕಟ್ಟಿಸುತ್ತ ಶೌಚದ ಗುಂಡಿಗೆ ಗುರುತು ಹಾಕಿಸಿದ್ದ. ಮಾತಿಗೆ ಮಾತು ಬೆಳೆದು ನನ್ನನ್ನು ಕರೆದರು.

"ಮಾವ, ಗುಂಡಿ ನನ್ನ ಜಾಗದ ಒಳಗೇ ಉಂಟು. ಕಾಂಕ್ರೀಟಿನ ಮುಚ್ಚಳ ಹಾಕಿಸ್ತೇನೆ, ವಾಸನೆ ಬಾರದ ಹಾಗೆ. ಮತ್ತೆಂಥ ಆಗ್ಬೇಕು?" ಎಂದ ಹುಡುಗ.

"ನಮ್ಮ ಬಾವಿ ನೀರು ಕನ್ನಡಿ ಹಾಗೆ ಉಂಟು ಅಣ್ಣ. ಆದ್ರೂ ಪುಳ್ಳಿಗೆ ಕೊಡ್ಲಿಕ್ಕೆ ನಂಗೆ ಧೈರ್ಯ ಬರುದಿಲ್ಲ" ಎಂದರು ಅಕ್ಕ.

ಇಬ್ಬರೂ ಕೆಟ್ಟವರಲ್ಲ. ಮುಚ್ಚಳ ಮೇಲಿನ ವಾಸನೆಯನ್ನು ತಡೆಯುತ್ತದೆ, ಕೆಳಗಿನ ಪ್ರಯಾಣವನ್ನಲ್ಲ ಎಂಬುದೊಂದೇ ಹುಡುಗನಿಗೆ ತಿಳಿಯಬೇಕಾಗಿತ್ತು. ಟೇಪು ಹಿಡಿದು ಅಳೆದಾಗ ಬಾವಿಗೂ ಗುರುತಿಗೂ 6 ಮೀಟರ್ ಬಂತು. ಕೇರಳದ ಕಟ್ಟಡ ನಿಯಮದ ಪ್ರಕಾರ ಕುಡಿಯುವ ನೀರಿನ ಬಾವಿಯಿಂದ ಏಳೂವರೆ ಮೀಟರಿನ ಒಳಗೆ ಇಂಗುಗುಂಡಿಯಾಗಲಿ ಸೆಪ್ಟಿಕ್ ಟ್ಯಾಂಕಾಗಲಿ ಇರಕೂಡದು. ಆ ಕಾಗದ ಮಲಯಾಳದಲ್ಲಿತ್ತು, ನಾನು ಓದಿ ಕನ್ನಡದಲ್ಲಿ ಹೇಳಿದೆ. ಏಳೂವರೆ ಎಂಬುದು ಕನಿಷ್ಠ ಲೆಕ್ಕ, ತೂತಿನ ಮುರಕಲ್ಲು, ಮೇಲಿನಿಂದ ಕೆಳಗೆ ಇಳಿಜಾರು, ಕೆಳಗೆ ಪಂಪು ಇರುವಲ್ಲಿ ಇನ್ನೂ ಹೆಚ್ಚು ಬಿಡುವುದು ಒಳ್ಳೆಯದು ಎಂಬುದನ್ನೂ ತಿಳಿಸಿದೆ. ಕೊನೆಗೆ ಗುಂಡಿಯನ್ನು ಜಾಗದ ಇನ್ನೊಂದು ಮೂಲೆಗೆ, 11 ಮೀಟರ್ ದೂರಕ್ಕೆ ಸರಿಸಿದರು. ಹೆಚ್ಚಿನ ಪೈಪಿನ ಖರ್ಚನ್ನು ಇಬ್ಬರೂ ಹಂಚಿಕೊಂಡರು.

ಜಾಗ ಸಣ್ಣದಿದ್ದು ಸರಿಸಲು ಸಾಧ್ಯವೇ ಇಲ್ಲದವರಿಗೂ ಒಂದು ಉಪಾಯವಿದೆ. ಗುಂಡಿಯ ತಳವನ್ನು ನೀರು ಇಳಿಯದಂತೆ ಮುಚ್ಚಿ, ಸುತ್ತಲೂ ಅರ್ಧ ಮೀಟರ್ ದಪ್ಪಕ್ಕೆ ನಯವಾದ ಮರಳು ತುಂಬಿಸುವ ಪದ್ಧತಿ ಇದೆ. ತೂತಿನ ನೆಲದಲ್ಲಿ ಇಲ್ಲದ ಸೋಸುವಿಕೆಯನ್ನು ನಾವೇ ಕಟ್ಟಿಕೊಟ್ಟಂತೆ. ಗುಂಡಿಯ ತಳ ಮಳೆಗಾಲದ ಅತಿ ಎತ್ತರದ ನೀರಿನ ಮಟ್ಟಕ್ಕಿಂತ 2 ಮೀಟರಾದರೂ ಮೇಲೆ ಇರುವಂತೆ ನೋಡಿಕೊಳ್ಳಿ. ಆಳವಾದ ಗುಂಡಿ ಬೇಗ ತುಂಬುವುದಿಲ್ಲ ಎಂದು ಮೇಸ್ತ್ರಿ ಹೇಳಬಹುದು. ಆದರೆ ಆಳ ಹೆಚ್ಚಾದಷ್ಟೂ ಅದು ಬಾವಿಯ ನೀರಿಗೆ ಹತ್ತಿರವಾಗುತ್ತದೆ.

ನೀರಿನ ಪರೀಕ್ಷೆಯ ಬಗ್ಗೆಯೂ ಒಂದು ಮಾತು. ಸಾಮಾನ್ಯವಾಗಿ ಪರೀಕ್ಷೆಯಲ್ಲಿ ನೋಡುವುದು ಬ್ಯಾಕ್ಟೀರಿಯಾವನ್ನು. ನಯವಾದ ಮಣ್ಣಿನ ಇಕ್ಕಟ್ಟಿನಲ್ಲಿ ದೊಡ್ಡದಾದ ಬ್ಯಾಕ್ಟೀರಿಯಾ ಸಿಕ್ಕಿಕೊಂಡು, ವೈರಸ್ಸು ಮುಂದೆ ಹೋಗುವುದುಂಟು. ಏಪ್ರಿಲ್ ತಿಂಗಳಿನ ಪರೀಕ್ಷೆಯ ಕಾಗದ ಜುಲೈ ತಿಂಗಳಿನ ನೀರಿಗೆ ಜಾಮೀನು ಆಗುವುದಿಲ್ಲ. ಇನ್ನೊಂದು ತೊಂದರೆ ಏನೆಂದರೆ, ಕಾಮಾಲೆಯ ವೈರಸ್ಸು ಹೊಟ್ಟೆಗೆ ಸೇರಿದ ದಿನಕ್ಕೂ ಕಣ್ಣು ಹಳದಿಯಾಗುವ ದಿನಕ್ಕೂ ನಡುವೆ ಎರಡರಿಂದ ಏಳು ವಾರ ಕಳೆಯುತ್ತದೆ. ಆಗ ಯಾರಿಗೂ ಬಾವಿಯ ನೆನಪು ಬರುವುದಿಲ್ಲ, ನೆಂಟರ ಮನೆಯ ಊಟದ ಮೇಲೆ ಸಂಶಯ ಹೋಗುತ್ತದೆ.

ಆದ್ದರಿಂದ ಮಳೆಗಾಲದಲ್ಲಿ ನೀರನ್ನು ಕುದಿಸಿಯೇ ಕುಡಿಯಿರಿ. ಗುಳ್ಳೆ ಎದ್ದು ಕೊತಕೊತ ಕುದಿಯತೊಡಗಿದ ಮೇಲೆ ಒಂದು ನಿಮಿಷ ಬಿಟ್ಟರೆ ಸಾಕು. ಆದರೆ ಕುದಿಸಿದ ನೀರು ತುಂಬಾ ಬಿಸಿ ಎಂದು ಅದಕ್ಕೆ ತಣ್ಣೀರು ಬೆರೆಸಿದರೆ ಕುದಿಸಿದ ಶ್ರಮವೆಲ್ಲ ವ್ಯರ್ಥ. ಮದುವೆ, ಮುಂಜಿ, ಗೃಹಪ್ರವೇಶಗಳಲ್ಲಿ ಈ ಕಡೆ ಹೆಚ್ಚು ಗಮನ ಬೇಕು.

ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವ ಲೆಕ್ಕವನ್ನೂ ಹೇಳುತ್ತೇನೆ, ಬರೆದುಕೊಳ್ಳಿ. ಬಾವಿಯ ಅಗಲವನ್ನು ಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಮತ್ತೆ 785ರಿಂದ ಗುಣಿಸಿ. ಬಾವಿಯಲ್ಲಿ ಎಷ್ಟು ಲೀಟರ್ ನೀರಿದೆ ಎಂದು ಗೊತ್ತಾಗುತ್ತದೆ. ಅಗಲ 2 ಮೀಟರ್, ನೀರು 3 ಮೀಟರ್ ಇದ್ದರೆ 9,420 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಎಂಬ ಲೆಕ್ಕದಲ್ಲಿ ಸುಮಾರು 24 ಗ್ರಾಂ ಪೌಡರ್ ಬೇಕು. ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಬಿಟ್ಟು, ಒಂದು ಗಂಟೆಯಾದರೂ ಕಾಯಬೇಕು. ಸುತ್ತಮುತ್ತ ರೋಗ ಹರಡಿದ್ದರೆ ಪ್ರಮಾಣ ಹೆಚ್ಚು ಬೇಕಾಗುತ್ತದೆ, ಆಗ ಆರೋಗ್ಯ ಇಲಾಖೆಯ ಕಾರ್ಯಕರ್ತೆಯರನ್ನು ಕೇಳಿ. ನೀರು ಕೆಂಪಾಗಿ ಕದಡಿದ್ದರೆ ರೋಗಾಣು ಜೇಡಿಯ ಕಣದ ಮರೆಯಲ್ಲಿ ಅಡಗಿ ಪೌಡರಿನಿಂದ ತಪ್ಪಿಸಿಕೊಳ್ಳುತ್ತದೆ. ತಿಳಿಯಾದ ಮೇಲೆ ಹಾಕುವುದೇ ಸರಿ.

ಸುರಂಗದ ನೀರನ್ನು ಕುಡಿಯುವ ಮನೆಗಳವರು ಸುರಂಗದ ಮೇಲಿನ ಗುಡ್ಡವನ್ನೂ ತಮ್ಮ ಬಾವಿಕಟ್ಟೆ ಎಂದೇ ತಿಳಿಯಬೇಕು. ಅಲ್ಲಿ ಗುಂಡಿ, ಹಟ್ಟಿ, ಕಸದ ರಾಶಿ ಬರದಂತೆ ನೋಡಿಕೊಂಡರೆ ಕೆಳಗಿನ ತೊಟ್ಟಿಗೆ ಕ್ಷೇಮ.

ಕೇಳುಗರೇ, ಮಣ್ಣಿನಲ್ಲಿ ಸೋಸಿದ ನೀರು ಶುದ್ಧ ಎಂಬ ಹಿರಿಯರ ಮಾತು ಸುಳ್ಳಲ್ಲ. ಅವರ ಕಾಲದಲ್ಲಿ ಮನೆಗೂ ಮನೆಗೂ ನಡುವೆ ಒಂದು ತೋಟದಷ್ಟು ದೂರ ಇತ್ತು, ನೀರು ಕೊಡಪಾನದ ಲೆಕ್ಕದಲ್ಲಿ ಮೇಲೆ ಬರುತ್ತಿತ್ತು. ಮಣ್ಣಿಗೆ ದೂರವೂ ಸಮಯವೂ ಸಿಗುತ್ತಿದ್ದವು. ಇವತ್ತು ಐದು ಹತ್ತು ಸೆಂಟ್ಸಿನಲ್ಲಿ ಬಾವಿ, ಗುಂಡಿ, ಮನೆ ಮೂರನ್ನೂ ಇಟ್ಟುಕೊಂಡು ಅದೇ ಕೆಲಸವನ್ನು ಮಣ್ಣಿನಿಂದ ಕೇಳುತ್ತಿದ್ದೇವೆ. ಮಳೆ ಹಿಡಿಯುವ ಮೊದಲು ಒಂದು ಟೇಪು ತೆಗೆದುಕೊಂಡು ನಿಮ್ಮ ಬಾವಿಯಿಂದ ನಿಮ್ಮ ಗುಂಡಿಗೆ, ನೆರೆಮನೆಯ ಗುಂಡಿಗೆ ಎಷ್ಟು ದೂರ ಎಂದು ಅಳೆದು ಬರೆದಿಡಿ. ನೆರೆಯವರನ್ನು ಜಗಳಕ್ಕಲ್ಲ, ಅಳೆಯುವುದಕ್ಕೆ ಕರೆಯಿರಿ. ಅವರ ಮನೆಯ ಮಕ್ಕಳೂ ಯಾವುದೋ ಒಂದು ಬಾವಿಯ ನೀರನ್ನೇ ಕುಡಿಯುತ್ತಾರೆ.